ಹಿರೇಹಳ್ಳದ ಜಲ್ಲಿಯಲ್ಲಿ ಚಪ್ಪರಬದನೆ

ಕೊಪ್ಪಳಕ್ಕೆ ಬಂದ ಮೊದಲ ಬೆಳಿಗ್ಗೆಯೇ ನನ್ನ ಮನೆಯೊಡತಿ ಶಂಕ್ರವ್ವನವರು ನನ್ನ ಕೈಯಲ್ಲಿದ್ದ ಟೊಮೆಟೊ ಕಿತ್ತುಕೊಂಡು ಬೀದಿಗೆ ಎಸೆದರು. ಅವ್ವ ಧಾರವಾಡದಿಂದ ಬುತ್ತಿಯ ಜೊತೆ ಕಟ್ಟಿಕೊಟ್ಟಿದ್ದ ಹಣ್ಣು ಅದು. ಸಾರಿಗೆಂದು ಹೆಚ್ಚಲು ಕೂತಿದ್ದೆ.

“ನೆತ್ತರ ಬಣ್ಣದ್ದು ನಮ್ಮನ್ಯಾಗ ಬ್ಯಾಡ್ರಿ, ನರ್ಸಬಾಯಾರ! ಇನ್ನೊಮ್ಮೆ ತಂದ್ರ ಮನಿ ಖಾಲಿ ಮಾಡ್ರಿ,” ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹಾಳಾದ್ದು, ಕೆಂಪು ಬಣ್ಣವೊಂದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಬೀದಿಯಲ್ಲಿ ಒಂದು ಮಂಗ ಆ ಹಣ್ಣನ್ನು ನನ್ನೆದುರೇ ಚಪ್ಪರಿಸಿ ತಿಂದಿತು.

ಧಾರವಾಡದ ನೀವು ನಗುತ್ತೀರಿ. ನಿಮ್ಮಲ್ಲಿ ಟೊಮೆಟೊ, ಅಂದರೆ ನಮ್ಮ ಚಪ್ಪರಬದನೆ, ಸಂತೆಯಲ್ಲಿ ಬುಟ್ಟಿಗಟ್ಟಲೆ ಸಿಗುವ ತರಕಾರಿ. ಈ ಮೊಗಲಾಯಿಯಲ್ಲಿ, ಅಂದರೆ ನಮ್ಮ ಕಡೆಯವರು ನಿಜಾಮರ ಸೀಮೆ ಎನ್ನುವಲ್ಲಿ, ಹಳೆಯ ಮನೆಗಳ ಒಲೆಯ ಹತ್ತಿರಕ್ಕೂ ಅದನ್ನು ಬಿಡುವುದಿಲ್ಲ. ಜೋಳದ ರೊಟ್ಟಿ ಅಲ್ಲಿಯದೂ ಇಲ್ಲಿಯದೂ ಒಂದೇ. ಸಾರು ಮಾತ್ರ ಬೇರೆ. ದವಾಖಾನೆಯ ಕಾಗದವೆಲ್ಲ ಉರ್ದು. ಜ್ವರಕ್ಕೆ ಬುಖಾರ್ ಎನ್ನಬೇಕು. ಅದನ್ನೂ ಕಲಿತೆ. ಆದರೆ ಒಂಟಿ ಹೆಂಗಸು, ಅದರಲ್ಲೂ ಎಲ್ಲ ಜಾತಿಯ ಬಾಣಂತಿಯರನ್ನು ಮುಟ್ಟುವವಳು ಎಂದು ತಿಳಿದ ಕೂಡಲೇ ಬಾಗಿಲುಗಳು ಮುಚ್ಚಿಕೊಂಡಿದ್ದವು. ಬಾಗಿಲು ತೆರೆದವರು ಶಂಕ್ರವ್ವ ಒಬ್ಬರೇ. ಈ ಸೂರು ತಪ್ಪಿದರೆ ನೌಕರಿ ಬಿಟ್ಟು ಅಣ್ಣನ ಮನೆಯ ಮೂಲೆ ಸೇರಬೇಕು. ಅದು ಗೊತ್ತಿದ್ದೂ, ಈ ಮನೆಯಲ್ಲೇ ಇರುತ್ತೇನೆ, ಇಲ್ಲೇ ಟೊಮೆಟೊ ತಿನ್ನುತ್ತೇನೆ ಎಂದು ಹಟ ಹಿಡಿದೆ.

ಅಂಗಳದಲ್ಲಿ ಬೆಳೆದರೆ ಮಂಗಗಳ ಪಾಲು. ಒಳಗೆಲ್ಲ ಕಲ್ಲುಹಾಸು. ಮಹಾಯುದ್ಧ ಮುಗಿಸಿ ಇರಾಕಿನಿಂದ ಬಂದಿದ್ದ ನನ್ನ ತಮ್ಮ ಅಲ್ಲಿನ ಮರಳುಗಾಡಿನಲ್ಲಿ ಸಿಪಾಯಿಗಳಿಗಾಗಿ ಮಣ್ಣಿಲ್ಲದೆ, ಬರೀ ಜಲ್ಲಿ ಮತ್ತು ಗೊಬ್ಬರದ ಉಪ್ಪು ಬೆರೆಸಿದ ನೀರಿನಲ್ಲಿ ತರಕಾರಿ ಬೆಳೆದದ್ದನ್ನು ಕಂಡಿದ್ದ. ನಾನೂ ಚಿಮಣಿ ಎಣ್ಣೆಯ ಡಬ್ಬಿಯನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಹಿರೇಹಳ್ಳದ ಜಲ್ಲಿ ತೊಳೆದು ತುಂಬಿದೆ. ಕುರಿಹಿಕ್ಕೆ ನೆನೆಸಿ ಸೋಸಿದ ನೀರಿಗೆ ಪಟಾಕಿಯ ಮದ್ದಿಗೆ ಹಾಕುವ ಪೆಟ್ಲುಪ್ಪನ್ನು ಚಿಟಿಕೆಯಷ್ಟು ಬೆರೆಸಿ ಉಣಿಸಿದೆ. ಬೆಳಕಿಂಡಿಯಿಂದ ಬೀಳುವ ಬಿಸಿಲು ಸರಿದಂತೆಲ್ಲ ಡಬ್ಬಿಗಳನ್ನೂ ಸರಿಸಬೇಕು.

ಒಂದು ಡಬ್ಬಿಯಲ್ಲಿ ಅವ್ವನ ಬೀಜ. ಇನ್ನೊಂದರಲ್ಲಿ, ಕಚೇರಿಯ ಸಾಹೇಬರ ಅಡುಗೆಮನೆಗೆಂದು ಟೊಮೆಟೊ ಬೆಳೆಯುತ್ತಿದ್ದ ತೋಟದ ಖಾಸೀಮಸಾಬರು ಕೊಟ್ಟ ಬೀಜ. “ನಿಮ್ಮದು ದಪ್ಪ ಇರಬೋದ್ರಿ ಬಾಯಾರ, ನಮ್ಮದು ಖಟ್ಟಾ ಐತಿ. ಬಾಜೂಕ ಬಾಜೂ ಹಚ್ಚಿ ನೋಡ್ರಲಾ,” ಎಂದು ಸವಾಲು ಹಾಕಿದ್ದರು. ಖಟ್ಟಾ ಎಂದರೆ ಹುಳಿ.

ಮೊಳಕೆ ಒಡೆದದ್ದು ನವರಾತ್ರಿಯಲ್ಲಿ. ಆ ಒಂಬತ್ತು ದಿನ ದೇವರ ಮುಂದೆ ಕಾಳು ಬಿತ್ತಿ ದೀಪವಿಡುವುದಕ್ಕೆ ಇಲ್ಲಿ ಘಟ್ಟ ಹಾಕುವುದು ಎನ್ನುತ್ತಾರೆ. ಶಂಕ್ರವ್ವನವರ ಮನೆತನದಲ್ಲಿ ಅದು ಸರದಿಯ ಮೇಲೆ ನಡೆಯುತ್ತದೆ. ಆ ವರ್ಷ ಕುಷ್ಟಗಿಯ ಮೈದುನನ ಸರದಿ. ಕಣ್ಣು ಮಂಜಾದ್ದರಿಂದ ಹೇಮಗುಡ್ಡದ ದೇವಿಯ ಗುಡಿಗೂ ಹೋಗಲಾಗದೆ ಅವರು ಮಂಕಾಗಿದ್ದರು. ಒಂದು ಸಂಜೆ ದವಾಖಾನೆಯಿಂದ ಬಂದು ನೋಡುತ್ತೇನೆ: ನನ್ನ ಡಬ್ಬಿಗಳಿಗೆ ಅರಿಸಿನ ಕುಂಕುಮ, ಮುಂದೆ ಉರಿಯುವ ದೀಪ!

“ಘಟ್ಟ ಹಾಕೀನಿ ಅಂತ ಒಂದ್ ಮಾತು ಹೇಳಬಾರದೇನ್ರಿ? ದೇವಿ ನಮ್ಮನಿ ಮರೀಲಿಲ್ಲ ನೋಡ್ರಿ,” ಎಂದು ಅವರು ಕಣ್ಣು ಒರೆಸಿಕೊಂಡರು.

ನಾನು ಬಾಯಿ ಬಿಡಲಿಲ್ಲ. ನನ್ನ ಹಣ್ಣು ಬೀದಿಗೆ ಎಸೆದವರಲ್ಲವೇ! ದಶಮಿಯ ದಿನ ಸಸಿ ಕಿತ್ತು ಮುಡಿಯಲು ಬಂದಾಗ ಮಾತ್ರ, “ನಮ್ಮ ಕಡೆ ಕೀಳೂದಿಲ್ರಿ,” ಎಂದೆ. ಊರು ಬೇರೆಯಾದರೆ ಇಷ್ಟಾದರೂ ಉಪಯೋಗ ಬೇಡವೇ?

ಒಳಗೆ ಗಾಳಿಯಿಲ್ಲ, ಹೂವನ್ನು ಬೆರಳಿನಿಂದ ಮೀಟಿದರಷ್ಟೇ ಕಾಯಿ. ಮೀಟಿದೆ. ಅವ್ವನ ಗಿಡ ನಾಲ್ಕೇ ಹಣ್ಣು ಬಿಟ್ಟು ಬಳಲಿತು. ಹಣ್ಣು ಮಾತ್ರ ಅಂಗೈಯಗಲ, ಮಡಿಕೆ ಮಡಿಕೆ. ಖಾಸೀಮಸಾಬರ ಗಿಡ ಹುಡುಗರು ಆಡುವ ಗೋಟಿಯಷ್ಟೇ ದಪ್ಪನೆಯ ಹಣ್ಣುಗಳನ್ನು ಗೊಂಚಲು ಗೊಂಚಲಾಗಿ ಬಿಟ್ಟಿತು. ಸಂಕ್ರಮಣದ ಹೊತ್ತಿಗೆ ಎರಡೂ ಕೆಂಪಾದವು.

ಕೆಂಪು ಕಂಡದ್ದೇ ಶಂಕ್ರವ್ವ ಬುಸುಗುಟ್ಟುತ್ತ ಬಂದರು. “ಮೋಸ ಮಾಡಿದ್ರಿ! ಗಿಡಾ ಕಿತ್ತಿ ಹೊರಗ ಒಗೀರಿ. ನೀವೂ ನಡೀರಿ!”

ನಾನು ಡಬ್ಬಿಗೆ ಅಡ್ಡ ನಿಂತೆ. “ಕುಂಕುಮ ಹಚ್ಚಿದವರು ನೀವು. ದೀಪ ಇಟ್ಟವರು ನೀವು. ದೇವಿ ಸಸಿ ಕಿತ್ತಿ ಬೀದಿಗೆ ಒಗ್ಯಾಕ ನಿಮಗ ಕೈ ಬರ್ತದೇನು? ಬಂದ್ರ ಕೀಳ್ರಿ. ನಾನೂ ಗಂಟು ಕಟ್ತೀನಿ.”

ಅವರ ಕೈ ಗಿಡದ ತನಕ ಬಂತು, ನಿಂತಿತು. ಕೊನೆಗೆ ಹಣೆಗೆ ಕೈ ಮುಟ್ಟಿಸಿಕೊಂಡು, ಒಂದು ಸಣ್ಣ ಹಣ್ಣು ಕಿತ್ತು, ಪ್ರಸಾದದಂತೆ ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು. ಹುಳಿಗೆ ಮುಖ ಹಿಂಡಿದರು. ಮತ್ತೊಂದು ಕಿತ್ತರು. ಆಮೇಲೆ ಅವ್ವನ ಹಣ್ಣಿನ ಹೋಳು ಕೊಟ್ಟೆ.

“ಇದು ಸಪ್ಪಗ ಐತಿ,” ಎಂದರು. “ನಿಮ್ಮೂರಾಗ ಹುಳಿ ಅಂದ್ರೇನು ಗೊತ್ತಿಲ್ಲೇನ್ರಿ? ನಮ್ಮದು ಛಲೋ ಐತಿ.”

ನಮ್ಮದು! ಸಿಟ್ಟು ನೆತ್ತಿಗೇರಿತು. ಆದರೆ ಮನೆ ಬಿಡುವ ಮಾತು ಅಲ್ಲಿಗೇ ನಿಂತಿತು.

ಬೇಸಿಗೆಗೆ ಮುಂಚೆ ಧಾರವಾಡಕ್ಕೆ ಹೋಗಿದ್ದೆ. ಅವ್ವ ಚಪ್ಪರಬದನೆಯ ಸಾರು ಮಾಡಿದ್ದಳು. ತುತ್ತು ಬಾಯಿಗಿಟ್ಟವಳು ನನಗೇ ತಿಳಿಯದೆ ಹುಣಸೆಹುಳಿಗೆ ಕೈ ಚಾಚಿದೆ. “ಯಾಕವ್ವಾ, ಸಪ್ಪಗಾತೇನ?” ಎಂದಳು ಅವ್ವ. ಇಲ್ಲವೆಂದು ಎರಡು ಸಲ ಹಾಕಿಸಿಕೊಂಡು ಉಂಡೆ. ಅವಳಿಗೆ ಸಂಕಟವಾಗಿತ್ತು, ನನಗೂ.

ಕೊಪ್ಪಳಕ್ಕೆ ಮರಳಿ ಬಂದಾಗ ಶಂಕ್ರವ್ವ ಡಬ್ಬಿಗಳ ಹತ್ತಿರ ಕೂತಿದ್ದರು. “ತವರಿನ ಸಾರು ಹ್ಯಾಂಗಿತ್ರಿ?”

“ಅದರ ಮುಂದ ನಿಮ್ಮದೇನೂ ಅಲ್ರಿ,” ಎಂದೆ.

“ಹೌದೌದು,” ಎಂದು ನೀರಿನ ತಂಬಿಗೆ ನನ್ನ ಕೈಗೆ ಕೊಟ್ಟರು. “ಹಂಗಾದ್ರ ಮೊದಲು ನಿಮ್ಮದಕ್ಕ ಹಾಕ್ರಿ.”

ಧಾರವಾಡದವರೇ, ನಾನು ಸೋತಿಲ್ಲ. ಆದರೆ ತಂಬಿಗೆ ಬಗ್ಗಿದ್ದು ಆ ಸಣ್ಣ ಹುಳಿಹಣ್ಣಿನ ಗಿಡದ ಕಡೆಗೆ.