ಬೋರಿಂಗ್ ರಿಪೇರಿಯವನು

ನಮ್ಮೂರಿಗೆ ಬೋರಿಂಗ್, ಅಂದರೆ ನೀರೆತ್ತುವ ಕೈಪಂಪು, ಹೊಸದಾಗಿ ಬಂದಾಗ ಅದರ ರಿಪೇರಿಗೆ ಹೊಳಲ್ಕೆರೆಯಿಂದ ಒಬ್ಬ ಬರುತ್ತಿದ್ದ. ಯಾರು ಏನು ಕೇಳಿದರೂ ಕಿವಿಗೆ ಸಿಕ್ಕಿಸಿದ ಬೀಡಿ ತೆಗೆಯುತ್ತಾ, "ಆಗ್ಲಿ, ನೋಡಾಣ" ಎನ್ನುತ್ತಿದ್ದ. ಬೋರಿಂಗ್ ಹೊಡೆಯುವವರು ನಾವು ಹೆಂಗಸರು. ಹಿಡಿ ಬಹಳ ಎತ್ತರ. ಕೈ ಜಾರಿದರೆ ಚಿಮ್ಮಿ ಬಾಯಿಗೆ ಬಡಿಯುತ್ತಿತ್ತು. ಹಾಗೆ ಬಡಿದು ನನ್ನ ತಂಗಿಯ ಮುಂದಿನ ಹಲ್ಲು ಮುರಿದವು, ಗೊತ್ತಾಗಿದ್ದ ಮದುವೆ ತಪ್ಪಿತು.

"ಹಿಡಿ ಇಳ್ಸಪ್ಪ, ಇನ್ನೊಬ್ಬಳ ಹಲ್ಲೂ ಹೋದಾವು," ಎಂದೆ.

"ನೋಡಾಣ ಕಣಮ್ಮ, ಊರೋರು ಒಪ್ಲಿ," ಎಂದವನು ಕಟ್ಟೆಯ ಮೇಲಿದ್ದ ಗಂಡಸರನ್ನು ಕೇಳಿದ. ಅವರು ಒಂದು ದಿನವೂ ಕೊಡ ಹೊತ್ತವರಲ್ಲ.

"ಹಿಡಿ ಹಂಗೇ ಇರ್ಲಿ ಬಿಡಪ್ಪ. ಎತ್ತಿಗೊಂದು ತೊಟ್ಟಿ ಕಟ್ಸು," ಎಂದರು.

ವಾರದೊಳಗೆ ಕಟ್ಟಿಸಿದ. ಎತ್ತುಗಳಿಗೆ ಕತ್ತು ನೋಯಬಾರದೆಂದು ಅವುಗಳನ್ನು ನಿಲ್ಲಿಸಿ ಅಳತೆ ತೆಗೆದಿದ್ದ. ಆ ತೊಟ್ಟಿಗೆ ನೀರು ತುಂಬುವ ಕೆಲಸವೂ ನಮಗೇ ಬಂತು.