ನಿಧಾನಪ್ಪನ ಸೀಮೆಸುಣ್ಣ

ನನ್ನ ಗೆಳೆಯನನ್ನು ಬೀದಿಯವರೆಲ್ಲ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದೆದುರೇ. ಅವನೂ ಓಗೊಡುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದ. ಬೇರೆ ಕಡೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಅವನಿಗೆ ಎರಡು ದಿನ ಬೇಕಿತ್ತು.

ಅದಕ್ಕೆ ಕಾರಣ ಅವನ ಸೀಮೆಸುಣ್ಣ. ಏನು ಮಾಡಲಿದ್ದೇನೆ ಎಂದು ಕೆಟ್ಟ ಯಂತ್ರದ ಕಪ್ಪು ಡಬ್ಬದ ಮಗ್ಗುಲಿಗೆ ಮೊದಲು ಬರೆಯುತ್ತಿದ್ದ. ಆಮೇಲೆ ಅದೊಂದನ್ನೇ ಮಾಡಿ, ಏನಾಯಿತೆಂದು ಪಕ್ಕದಲ್ಲಿ ಬರೆದು, ನಂತರವೇ ಮುಂದಿನದಕ್ಕೆ ಕೈ ಹಾಕುತ್ತಿದ್ದ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಸಂಜೆ ಹಾಳೆಗಳ ಕಟ್ಟು ಹಿಡಿದು ಅವನ ಸ್ಟೂಲಿನ ಮೇಲೆ ಕೂರುತ್ತಿದ್ದೆ.

"ಎರಡೆರಡು ಒಟ್ಟಿಗೆ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಕೆಣಕಿದರೆ, "ಸರಿಹೋದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ. ಕೆಟ್ರೆ ಯಾವುದನ್ನ ಬೈಬೇಕು ಅಂತಾನೂ ಗೊತ್ತಾಗಲ್ಲ. ನೀನು ನಿನ್ನ ಅಲ್ಪವಿರಾಮ ನೋಡ್ಕೋ," ಎನ್ನುತ್ತಿದ್ದ.

ಮನೆಯವರಿಗೂ ಅವನದೊಂದು ಶಿಸ್ತಿತ್ತು. ಕೋಣೆಯಿಂದ ಎದ್ದು ಹೋಗುವಾಗ ಗೋಡೆಯ ಸ್ವಿಚ್ ಆರಿಸಲೇಬೇಕು. ಕೆಲಸ ಶುರುವಾದ ವರ್ಷವೇ ವೈರು ಸುಟ್ಟಾಗಿನಿಂದ ಹಿಡಿದ ಹಟ ಅದು. ಅವನ ಹೆಂಡತಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ನಮ್ಮ ಮನೆಗೆ ಬಂದರೂ ಏಳುವಾಗ ನಮ್ಮ ಫ್ಯಾನ್ ಆರಿಸಿಬಿಡುತ್ತಿದ್ದಳು.

ಅವನು ತೀರಿಹೋಗಿ ಮೂರು ವಾರವಾಗಿತ್ತು. ಬೆಳಿಗ್ಗೆ ಅವಳ ಫೋನ್ ಬಂತು.

"ಅಣ್ಣಾ, ಸ್ವಲ್ಪ ಬರ್ತೀರಾ? ಅವರ ಕಂಪ್ಯೂಟರ್ ಕೆಡಿಸಿಬಿಟ್ಟೆ."

ಹೋದಾಗ ಸ್ಟೂಲಿನ ಮೇಲೆ ಟೈಲರಮ್ಮ ಕೂತಿದ್ದರು. ಮುಂದಿನ ಓಣಿಯಲ್ಲಿ ಯಂತ್ರದಿಂದ ಬಟ್ಟೆಗೆ ಹೂಬಳ್ಳಿ ಹಾಕುವವರು. ಹನ್ನೊಂದು ವರ್ಷ ತಾವೇ ಬಿಡಿಸಿದ ವಿನ್ಯಾಸಗಳೆಲ್ಲ ಅವರ ಹಳೆಯ ಕಂಪ್ಯೂಟರಿನಲ್ಲಿದ್ದವು. ಅದು ಸಾಯುವ ಮುಂಚೆ ನಿಧಾನಪ್ಪ ಎಲ್ಲವನ್ನೂ ತನ್ನದಕ್ಕೆ ನಕಲು ಮಾಡಿಟ್ಟುಕೊಂಡಿದ್ದ. ಕೊಡುವಷ್ಟರಲ್ಲಿ ಆಸ್ಪತ್ರೆ ಸೇರಿದ. ಈಗ ಉಳಿದಿದ್ದು ಆ ಒಂದೇ ಪ್ರತಿ.

ಅದನ್ನು ತೆಗೆದುಕೊಡೋಣವೆಂದು ಹೆಂಡತಿ ಯಂತ್ರ ಹಚ್ಚಿದ್ದಾಳೆ. ಪರದೆಯನ್ನು ನಡೆಸುವ ಡ್ರೈವರ್ ತಂತ್ರಾಂಶಕ್ಕೆ ಹೊಸ ಅಪ್‌ಡೇಟ್ ಇದೆ, ಹಾಕಲೇ ಎಂದು ಅದು ಕೇಳಿದೆ. ಒಳ್ಳೆಯದೇ ಇರಬೇಕೆಂದು ಹೂಂ ಒತ್ತಿದ್ದಾಳೆ. ಅದು ಅರ್ಧ ನಡೆಯುತ್ತಿರುವಾಗ ಒಲೆಯ ಮೇಲಿನ ಹಾಲು ನೆನಪಾಗಿ ಎದ್ದು, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಗೋಡೆಯ ಸ್ವಿಚ್ ಆರಿಸಿ ಹೋಗಿದ್ದಾಳೆ.

"ಅವರ ಮಾತು ಕೇಳಿದ್ದಕ್ಕೇ ಹೀಗಾಯ್ತು ನೋಡಿ," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

ಹಚ್ಚಿದರೆ ಕಂಪನಿಯ ಗುರುತು ಬಂದು, ಚುಕ್ಕಿಗಳು ನಾಲ್ಕು ಸುತ್ತು ತಿರುಗಿ, ಪರದೆ ಕಪ್ಪಾಗುತ್ತಿತ್ತು.

"ಪೇಟೆಯ ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಅಂದ," ಎಂದರು ಟೈಲರಮ್ಮ. "ಅಳಿಸಿದ್ರೆ ನನ್ನ ಹೂವೆಲ್ಲ ಹೋದವಲ್ಲಪ್ಪಾ. ನಿಮಗೆ ಈ ಕೆಲಸ ಬರುತ್ತಾ?"

"ಬರಲ್ಲ. ನೋಡಿದ್ದೀನಿ ಅಷ್ಟೇ."

ಮೇಜಿನ ಖಾನೆ ಎಳೆದೆ. ಸೀಮೆಸುಣ್ಣ ಇತ್ತು, ಅವನ ಬೆರಳು ಸವೆಸಿದ ಅರ್ಧ ತುಂಡು. 'ಮೂರು ಸಲ ಆರಿಸು' ಎಂದು ಬರೆದೆ. ಗುರುತು ಮೂಡುತ್ತಿದ್ದಂತೆ ಬಟನ್ ಒತ್ತಿ ಹಿಡಿದು ಆರಿಸಬೇಕು. ಹಾಗೆ ಮೂರು ಸಲವಾದರೆ, ತನಗೇನೋ ಆಗಿದೆಯೆಂದು ಯಂತ್ರಕ್ಕೇ ಅರಿವಾಗಿ ದುರಸ್ತಿಯ ನೀಲಿ ಪರದೆ ತೋರಿಸುತ್ತದೆ. ತೋರಿಸಿತು. 'ಬಂತು' ಎಂದು ಬರೆದೆ. 'ತಾನೇ ಸರಿ ಮಾಡಿಕೊಳ್ಳಲಿ.' ಆಗಲಿಲ್ಲ. 'ಸೇಫ್ ಮೋಡ್', ಅಂದರೆ ಬೇಕಾದಷ್ಟು ಮಾತ್ರ ಹೊತ್ತು ಏಳುವ ಬಗೆ. ಮತ್ತೆ ಕಪ್ಪು.

"ಇನ್ನೊಂದೆರಡು ಬಟನ್ ಒತ್ತಿ ನೋಡಬಾರದಾ?" ಎಂದರು ಟೈಲರಮ್ಮ.

"ಬರೀದೆ ಒತ್ತೋ ಹಾಗಿಲ್ಲ ಅಕ್ಕಾ," ಎಂದೆ. ಆ ದನಿ ನನ್ನದಾಗಿರಲಿಲ್ಲ.

ಉಳಿದಿದ್ದು ಹಿಂದಿರುಗುವ ದಾರಿ. ಯಂತ್ರ ಚೆನ್ನಾಗಿರುವ ದಿನ ಅದರ ಸ್ಥಿತಿಯನ್ನು ಹೆಸರು ಕೊಟ್ಟು ಗುರುತಿಟ್ಟರೆ, ಕೆಟ್ಟಾಗ ಆ ದಿನಕ್ಕೆ ಮರಳಿಸಬಹುದು. ಫೈಲುಗಳಿಗೆ ಏನೂ ಆಗದು. ನಿಧಾನಪ್ಪ ಗುರುತಿಡದೆ ಇದ್ದಾನೆಯೇ? ಪಟ್ಟಿ ತೆರೆಯಿತು.

'ಹೊಸ ಪ್ರಿಂಟರ್ ಹಾಕುವ ಮುಂಚೆ. ಎಲ್ಲ ಸರಿ.'

'ಮಗಳು ಆಟ ಹಾಕುವ ಮುಂಚೆ. ಎಲ್ಲ ಸರಿ. ನಾಳೆ ಇರಲಾರದು.'

'ನಾಳೆ ಆಸ್ಪತ್ರೆ. ಎಲ್ಲ ಸರಿ.'

ಅವನ ಹೆಂಡತಿ ನನ್ನ ಭುಜದ ಹಿಂದೆ ನಿಂತು ಓದುತ್ತಿದ್ದಳು. ಕೊನೆಯದನ್ನು ಡಬ್ಬದ ಮೇಲೆ ಬರೆದು, ಒತ್ತಿದೆ. ಮುಗಿಯುವವರೆಗೆ ನಿಲ್ಲಿಸಬೇಡಿ ಎಂಬ ಸಾಲು ಬಂತು.

ಅವಳು ಹೋಗಿ ಗೋಡೆಯ ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿಕೊಂಡು ನಿಂತಳು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ನಲವತ್ತು ನಿಮಿಷ ನಿಂತಳು. "ಹಾಲಿಟ್ಟಿದ್ದರೆ ನಾನು ನೋಡ್ತೀನಮ್ಮ," ಎಂದರು ಟೈಲರಮ್ಮ.

ಯಂತ್ರ ಎದ್ದಿತು. ಪರದೆಯ ಮೇಲೆಯೇ ಒಂದು ಫೋಲ್ಡರ್: 'ಟೈಲರಮ್ಮನ ಹೂವು, ಬಂದ ಕೂಡಲೇ ಕೊಡುವುದು.' ತೆರೆದರೆ ಹನ್ನೊಂದು ವರ್ಷದ ಹೂವುಗಳು ಸಾಲಾಗಿ ಹರಡಿಕೊಂಡವು. ಆಕೆ ಪರದೆಗೆ ಮೂಗು ತಾಗಿಸಿ, ಇದು ತಂಗಿಯ ಸೆರಗಿಗೆ, ಇದು ಕೆಟ್ಟದಾಗಿದೆ, ಇದು ಇತ್ತೆಂದೇ ಮರೆತಿದ್ದೆ ಎನ್ನುತ್ತ ಹೋದರು. ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಆರಿಸುವ ಮುಂಚೆ ಅವನ ಪದ್ಧತಿಯಂತೆ ಹೊಸ ಗುರುತಿಡಲು ಕೂತೆ. ಹೆಸರು ಕೇಳಿತು. ತಾರೀಖು ಹಾಕಿ, 'ಎಲ್ಲ ಸರಿ' ಎಂದು ಬರೆದೆ. ಇಷ್ಟು ವರ್ಷ ಬೇರೆಯವರ ತಪ್ಪು ತಿದ್ದಿದ ಕೈ ತಡೆಯಿತು. 'ಎಲ್ಲ' ಅಳಿಸಿ, 'ಯಂತ್ರ' ಎಂದು ಮಾಡಿದೆ.

"ಮುಗೀತಾ ಅಣ್ಣಾ?" ಎಂದಳು ಅವಳು.

"ಮುಗೀತಮ್ಮ. ಈಗ ಆರಿಸಬಹುದು."