ಮೂರನೆಯ ಪೆಟ್ಟಿಗೆಗೆ ಚೆಲ್ಲಿದ ಚರಗ

ನಮ್ಮವರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ದಿನ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಿದರು. ಮನೆಗೆ ಬಂದವರೇ ಹಾರ ತೆಗೆದರು, ಶಾಲು ಮಡಿಸಿ ಟ್ರಂಕಿನಲ್ಲಿಟ್ಟರು. ಬಾಯನ್ನೂ ಅದರೊಳಗೇ ಮಡಿಸಿಟ್ಟರೋ ಏನೋ, ಮಾತೇ ನಿಂತುಹೋಯಿತು. ದೇವದುರ್ಗ, ಜಾಲಹಳ್ಳಿ, ರಾಯಚೂರು ಎಂದು ಮೂವತ್ತು ವರ್ಷ ಗಂಟಲು ಹರಿಯುವಂತೆ ಕೂಗಿದ ಮನುಷ್ಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತಾ ಕೂತರು. ಊಟಕ್ಕೆ ಹಾಕಲೇ ಎಂದರೆ ತಲೆ ಅಲ್ಲಾಡಿಸುವುದು, ಬೇಡವೇ ಎಂದರೂ ಅದೇ ಅಲ್ಲಾಟ. ನಾನು ಮನೆಯಲ್ಲೇ ಜಂಪರು ಹೊಲಿಯುವವಳು. ಇಡೀ ಮನೆಯಲ್ಲಿ ಸದ್ದು ಅಂತ ಇದ್ದರೆ ನನ್ನ ಮಷಿನ್ನಿನದು ಮಾತ್ರ.

ಮೊದಮೊದಲು ಅಬ್ಬಾ, ಈಗ ಒಂದಿಷ್ಟು ನೆಮ್ಮದಿ ಎಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ. ಆದರೆ ಮೂರನೆಯ ತಿಂಗಳಿಗೆ ನನಗೆ ಭಯ ಹತ್ತಿತು. ಈ ಮನುಷ್ಯ ಕೂತಲ್ಲೇ ಕೂತು ಕರಗಿಹೋಗುತ್ತಾರೆ ಎನ್ನಿಸಿತು. ಆಗ ಓಣಿಯವರೊಬ್ಬರು ರಾಯಚೂರಿನಲ್ಲಿ ಜೇನು ಸಾಕಣೆಯ ತರಬೇತಿ ಕೊಡುತ್ತಾರಂತೆ, ಮೂರು ದಿನ, ಊಟವೂ ಅವರದೇ ಎಂದರು. ನಾನು ಚೀಲ ಕಟ್ಟಿ, ಕೈಹಿಡಿದು ಬಸ್ಸು ಹತ್ತಿಸಿದೆ. ಜೇನಿನ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಮೂರು ದಿನ ಆ ಗೋಡೆಗಾದರೂ ಬಿಡುವು ಸಿಗಲಿ ಎಂದು ಕಳಿಸಿದ್ದು.

ಹೋದವರು ಮೂರು ಪೆಟ್ಟಿಗೆ ಜೇನಿನ ಜೊತೆಗೆ ಬಾಯನ್ನೂ ವಾಪಸು ತಂದರು. ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು. ಮಾರನೆಯ ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಒಳಗ ಸರೀರಿ, ಒಳಗ ಸರೀರಿ, ಬಾಗಲದಾಗ ನಿಲ್ಲಬ್ಯಾಡ್ರಿ" ಎನ್ನುತ್ತಿದ್ದರು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನಕ್ಕೆ, ಆಮೇಲೆ ಒಳಗೆ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವರ ಮುಖಕ್ಕೆ ಹುಳ ಕಡಿಯಬಾರದೆಂದು ಹಳೆಯ ಸೊಳ್ಳೆಪರದೆ ಕತ್ತರಿಸಿ ಮುಸುಕು ಹೊಲಿದುಕೊಟ್ಟೆ. ಹಾಕಿಕೊಂಡಾಗ ಹಸೆಮಣೆಯ ಮೇಲೆ ಕೂರಲು ಹೊರಟ ಮದುಮಗಳ ಹಾಗೆ ಕಂಡರು. ಅದನ್ನು ಅವರಿಗೂ ಹೇಳಿದೆ.

ಆಮೇಲೆ ಮಾತೋ ಮಾತು. ರಾಣಿ ಹೀಗೆ, ಮರಿ ಹಾಗೆ, ಮೇಣದ ಎರಿ ಹೀಗೆ ಕಟ್ಟುತ್ತವೆ, ಹೂವು ಎಲ್ಲಿದೆ ಎಂದು ಕುಣಿದು ತಿಳಿಸುತ್ತವೆ. ನಾನು ಮಷಿನ್ ತುಳಿಯುತ್ತಾ ನಾಲ್ಕು ಹೊಲಿಗೆಗೊಂದು ಹೂಂ ಸೇರಿಸುತ್ತಿದ್ದೆ. ಎಷ್ಟು ಅಂತ ಕೇಳುವುದು? ಒಂದು ವಾರ ಕಿವಿಗೊಟ್ಟು ಕೇಳಿದೆ, ಆಮೇಲೆ ಕಿವಿ ತಾನಾಗಿಯೇ ರಜೆ ಹಾಕಿತು.

ಚಳಿಗಾಲ ಬಂತು. ನಮ್ಮ ಕಡೆಯ ಚಳಿ ಎಂದರೆ ಬೆಳಿಗ್ಗೆ ಚಾ ಕುಡಿಯುವ ಹೊತ್ತಿಗೆ ಬಂದು, ಲೋಟ ತೊಳೆಯುವ ಹೊತ್ತಿಗೆ ಹೋಗುವಂಥದ್ದು. ಆ ವರ್ಷ ಅಷ್ಟೂ ಇರಲಿಲ್ಲ. ಆದರೆ ಚಳಿಗಾಲದಲ್ಲಿ ಪೆಟ್ಟಿಗೆಯನ್ನು ಬೆಚ್ಚಗಿಡಬೇಕೆಂದು ತರಬೇತಿಯಲ್ಲಿ ಬರೆಸಿದ್ದರಂತೆ, ಬರೆದದ್ದು ಬರೆದದ್ದೇ. ನಮ್ಮವ್ವ ಹೊಲಿದ ಕೌದಿ ತಂದು ಮೂರು ಪೆಟ್ಟಿಗೆಗೂ ಸೇರಿಸಿ ಹೊದಿಸಿದರು. ಮಧ್ಯಾಹ್ನದ ಬಿಸಿಲಿಗೆ ಹುಳಗಳೆಲ್ಲಾ ಹೊರಗೆ ಬಂದು ಪೆಟ್ಟಿಗೆಯ ಮೈಗೆ ಅಂಟಿಕೊಂಡು ರೆಕ್ಕೆ ಬೀಸತೊಡಗಿದವು.

"ಅವಕ್ಕ ಫ್ಯಾನೂ ಹಾಕ್ರಿ" ಎಂದೆ.

"ನಿನಗೇನು ತಿಳೀತದಲೇ" ಎಂದರು. ಆದರೂ ನಾನು ಒಳಗೆ ಬಂದ ಮೇಲೆ ಸದ್ದಿಲ್ಲದೆ ಕೌದಿ ತೆಗೆದು ಮಡಿಸಿಟ್ಟರು.

ನಿಜವಾದ ತೊಂದರೆ ಬೇರೆಯೇ ಇತ್ತು. ಚಳಿ ಬಿದ್ದರೆ ಹುಳ ಒಳಗೆ ಮುದುಡಿ ಕೂತು, ಇದ್ದದ್ದನ್ನು ಸ್ವಲ್ಪ ಸ್ವಲ್ಪ ತಿಂದುಕೊಂಡು ಇರುತ್ತವೆ. ಬೆಚ್ಚಗಿದ್ದರೆ ದಿನವಿಡೀ ಹಾರುತ್ತವೆ, ಹಾರಿದಷ್ಟೂ ತಿನ್ನುತ್ತವೆ. ಸುತ್ತಲಿನ ಹೊಲಗಳಲ್ಲಿ ತೊಗರಿ ಹೂವು ಮುಗಿದಿತ್ತು, ಬೇರೆ ಹೂವು ಇನ್ನೂ ಬಂದಿರಲಿಲ್ಲ. ಎರಡು ಪೆಟ್ಟಿಗೆ ಹೇಗೋ ತಡೆದುಕೊಂಡವು. ಮೂರನೆಯದು ಸೊರಗಿತು. ನಮ್ಮವರು ದಿನಾ ಎದ್ದವರೇ ಅದಕ್ಕೆ ಕಿವಿ ಹಚ್ಚುತ್ತಿದ್ದರು. ಒಳಗೆ ಗುಂಯ್ ಎಂದರೆ ಅವತ್ತು ಎರಡು ರೊಟ್ಟಿ ಹೆಚ್ಚು, ದನಿ ಸಣ್ಣಗಿದ್ದರೆ ರೊಟ್ಟಿ ತಾಟಿನಲ್ಲೇ. ಆ ಪೆಟ್ಟಿಗೆ ಹೋದರೆ ಈ ಮನುಷ್ಯ ಮತ್ತೆ ಕುರ್ಚಿಗೆ ಹೋಗುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ಅವರು ಸಂಜೆಗೊಮ್ಮೆ ಸಕ್ಕರೆ ಪಾಕವನ್ನು ಪೆಟ್ಟಿಗೆಯ ಒಳಗೇ ಇಟ್ಟು, ಒಂದು ಹನಿ ಹೊರಗೆ ಬಿದ್ದರೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಎಂಥ ಜಿಪುಣತನ ಎಂದುಕೊಂಡೆ.

ಎಳ್ಳಮಾವಾಸ್ಯೆ ಬಂತು. ಅವತ್ತು ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಾಡಿದ ಅಡಿಗೆಯಲ್ಲಿ ಒಂದು ಪಾಲನ್ನು ಭೂಮಿತಾಯಿಗೆಂದು ಬೆಳೆಯ ಮೇಲೆ ಚೆಲ್ಲುತ್ತಾರೆ, ಅದೇ ಚರಗ. ಬಸಿರಿ ತಾಯಿಗೆ ಬಯಕೆಯ ಊಟ ಇದ್ದ ಹಾಗೆ. ನಮಗೆ ಹೊಲವಿಲ್ಲ. ನಮ್ಮವರು ಸ್ನೇಹಿತರ ಹೊಲಕ್ಕೆ ಊಟಕ್ಕೆಂದು ಹೋದರು. ನಾನೊಬ್ಬಳೇ ಇದ್ದೆ. ಹಿತ್ತಲಿಗೆ ಹೋದಾಗ ಹೊಳೆಯಿತು, ಈ ಮನೆಯ ಬೆಳೆ ಎಂದರೆ ಇವೇ ತಾನೇ? ತಾಟಿನ ತುಂಬ ಗೋಧಿ-ಬೆಲ್ಲದ ಮಾದಲಿ, ಚೂರು ಮಾಡಿದ ಶೇಂಗಾ ಹೋಳಿಗೆ, ತಂಬಿಗೆಯಲ್ಲಿ ಗಟ್ಟಿಯಾದ ಬೆಲ್ಲದ ನೀರು ತಂದೆ. ಮೂರೂ ಪೆಟ್ಟಿಗೆಯ ಸುತ್ತ ಭಕ್ತಿಯಿಂದ ಚೆಲ್ಲಿದೆ. ಮೂರನೆಯದು ಬಡವಿ ಎಂದು ಅದರ ಬಾಗಿಲಿಗೇ ಬೆಲ್ಲದ ನೀರು ಹೊಯ್ದು, ಕೈಮುಗಿದೆ.

ಅರ್ಧ ತಾಸಿನಲ್ಲಿ ಪವಾಡವಾಯಿತು. ಮೂರನೆಯ ಪೆಟ್ಟಿಗೆಯ ಮುಂದೆ ಹುಳಗಳ ಸಂತೆಯೇ ನೆರೆಯಿತು. ಎಂದೂ ಇಲ್ಲದ ಗದ್ದಲ. ನನಗೆ ಹೆಮ್ಮೆ ತಡೆಯಲಿಲ್ಲ. ಮೊಬೈಲಿನಲ್ಲಿ ವಿಡಿಯೋ ತೆಗೆದು, ನೋಡಿರಿ ನಿಮ್ಮ ಪಾಕದಿಂದ ಆಗದ್ದು ನನ್ನ ಚರಗದಿಂದ ಆಯಿತು ಎಂದು ಹೇಳಬೇಕೆಂದಿದ್ದೆ. ಹಬ್ಬದ ದಿನ ಜಂಬ ಬೇಡ, ಮನೆಗೆ ಬಂದು ತಾವೇ ಕೇಳಲಿ ಎಂದು ಬರೀ ವಿಡಿಯೋ ಕಳಿಸಿದೆ. ಕೂಡಲೇ ಫೋನು ಬಂತು.

"ಲೇ, ಅವು ನಮ್ಮ ಪೆಟ್ಟಿಗಿ ಹುಳ ಅಲ್ಲಲೇ! ಬಾಜೂ ಪೆಟ್ಟಿಗಿಯವು ಲೂಟಿ ಮಾಡಾಕತ್ಯಾವ! ಬಾಗಲಾ ಮುಚ್ಚು!"

ಹತ್ತಿರ ಹೋಗಿ ನೋಡಿದೆ. ಬಾಗಿಲಲ್ಲಿ ಹುಳಗಳು ಜೋಡಿ ಜೋಡಿಯಾಗಿ ಕಚ್ಚಾಡುತ್ತಾ ಕೆಳಗೆ ಉರುಳುತ್ತಿದ್ದವು. ನೆಲದ ತುಂಬ ಸತ್ತವು. ಸಿಹಿಯ ವಾಸನೆ ಹಿಡಿದು ಬಂದ ಗಟ್ಟಿ ಪೆಟ್ಟಿಗೆಗಳ ಹುಳ, ಬಡವಿಯ ಮನೆಗೆ ನುಗ್ಗಿದ್ದವು. ಹೊರಗೆ ಸಿಹಿ ಬೀಳಬಾರದು ಎಂದು ಅವರು ಒಮ್ಮೆಯಲ್ಲ, ಹತ್ತು ಸಲ ಹೇಳಿದ್ದರು. ಆ ಹತ್ತು ಸಲವೂ ನಾನು ಹೂಂ ಅಂದಿದ್ದೆ.

ಅವರು ಬರುವಷ್ಟರಲ್ಲಿ ನಾನು ಪೆಟ್ಟಿಗೆಯ ಬಾಗಿಲಿಗೆ ಒದ್ದೆ ಬಟ್ಟೆ ತುರುಕಿ, ನೆಲವನ್ನೆಲ್ಲ ಗುಡಿಸಿ, ನೀರು ಸುರಿದು ತೊಳೆದಿದ್ದೆ. ಅವರು ನೆಟ್ಟಗೆ ಹಿತ್ತಲಿಗೆ ಬಂದರು. ಬಾಗಿಲಿಗೆ ಹಸಿ ಮಣ್ಣು ಮೆತ್ತಿ, ಒಂದೇ ಹುಳ ತೂರುವಷ್ಟು ಸಂದಿ ಬಿಟ್ಟು, ಮೇಲೆ ತಮ್ಮ ಧೋತರ ತೋಯಿಸಿ ಹೊದಿಸಿದರು. ಸಂಜೆಯವರೆಗೂ ನೀರು ಚಿಮುಕಿಸುತ್ತಾ ಅಲ್ಲೇ ನಿಂತರು. ಗದ್ದಲ ತಗ್ಗಿದ ಮೇಲೆ ಮುಚ್ಚಳ ತೆಗೆದು ನೋಡಿದರು. ಜೇನು ಖಾಲಿ, ಹುಳ ಅರ್ಧಕ್ಕರ್ಧ ಇಲ್ಲ, ರಾಣಿಯೂ ಕಣ್ಣಿಗೆ ಬೀಳಲಿಲ್ಲ.

"ಇಲ್ಲಿ ಇಟ್ರ ನಾಳೆ ಮತ್ತ ಬರ್ತಾವ. ದೂರ ಒಯ್ಯಬೇಕು" ಎಂದರು. ಅದು ನಾನೇ ಮಾಡಿದ್ದು ಎನ್ನಲು ಬಾಯಿ ತೆರೆದವಳು, ಪೆಟ್ಟಿಗೆ ಕಟ್ಟಲು ಹಗ್ಗ ತರುತ್ತೇನೆಂದು ಒಳಗೆ ಹೋದೆ.

ಮಾನ್ವಿ ಹತ್ತಿರದ ಚೀಕಲಪರ್ವಿ ನನ್ನ ತವರು. ಅಲ್ಲಿ ನನ್ನ ತಮ್ಮನ ಹೊಲದಲ್ಲಿ ಕೊತ್ತಂಬರಿ ಹೂ ಬಿಟ್ಟಿತ್ತು. ಪೆಟ್ಟಿಗೆಯ ಬಾಗಿಲಿಗೆ ಸೊಳ್ಳೆಪರದೆಯ ತುಂಡು ಬಿಗಿದು, ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಅನುಮಾನದ ಸಾಮಾನು ಕಂಡರೆ ಮೂವತ್ತು ವರ್ಷ ಜನರನ್ನು ಕೆಳಗಿಳಿಸಿದ ನಮ್ಮವರು, ಈಗ ತೊಡೆಯ ಮೇಲೆ ಗುಂಯ್‌ಗುಡುವ ಪೆಟ್ಟಿಗೆ ಇಟ್ಟುಕೊಂಡು ಕಳ್ಳನ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು. ಕಂಡಕ್ಟರಮ್ಮ ಬಂದಳು. ಇವರ ಕೈಕೆಳಗೇ ಕೆಲಸ ಕಲಿತವಳು.

"ಸರ, ಇದೇನ್ರಿ ಒಳಗ?"

ಇವರಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಜೇನುಹುಳ" ಎಂದುಬಿಟ್ಟರು. ಹಿಂದಿನ ಸೀಟು ತಟ್ಟನೆ ಖಾಲಿಯಾಯಿತು.

"ಲಗೇಜ್ ಟಿಕೆಟ್ ಆಗ್ತದ್ರಿ ಸರ."

"ಯಾಕವ್ವಾ? ಹೆಣ್ಮಕ್ಕಳಿಗೆ ಫ್ರೀ ಅಲ್ಲೇನು? ಒಳಗಿರೋರೆಲ್ಲಾ ಹೆಣ್ಣ."

ಅವಳು ನಗಲಿಲ್ಲ. "ಹಂಗಾದ್ರ ಒಬ್ಬೊಬ್ಬರದೂ ಆಧಾರ್ ಕಾರ್ಡ್ ತೋರಸ್ರಿ" ಎಂದಳು.

ಇಡೀ ಬಸ್ಸು ನಕ್ಕಿತು. ಇವರೂ ನಕ್ಕು ಲಗೇಜ್ ಟಿಕೆಟ್ ತೆಗೆಸಿದರು. ನಾನೊಬ್ಬಳೇ ನಗಲಾರದೆ ಕೂತಿದ್ದೆ. ಆ ನಗು ಇನ್ನೆಷ್ಟು ದಿನವೋ ಎಂದು ಪೆಟ್ಟಿಗೆಯನ್ನೇ ನೋಡುತ್ತಿದ್ದೆ.

ಪೆಟ್ಟಿಗೆಯನ್ನು ಹೊಲದ ಬದುವಿನಲ್ಲಿ ಇಳಿಸಿ, ಅವರು ಅಲ್ಲೇ ಉಳಿದರು. ನನಗೆ ಸಂಕ್ರಾಂತಿಯ ಜಂಪರುಗಳಿದ್ದವು, ವಾಪಸು ಬಂದೆ. ರಾಣಿ ಇದ್ದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ದಿನಾ ಸಂಜೆ ಫೋನು ಮಾಡುತ್ತಿದ್ದೆ. "ಇನ್ನೂ ಕಂಡಿಲ್ಲ" ಎನ್ನುವರು, ಇಟ್ಟುಬಿಡುವರು. ದಿನದಿಂದ ದಿನಕ್ಕೆ ಅವರ ಮಾತು ಗಿಡ್ಡವಾಗುತ್ತಾ ಬಂತು. ನಾನು ತೋಳು ಹಚ್ಚುವಲ್ಲಿ ಕೊರಳು ಹಚ್ಚಿ, ಮತ್ತೆ ಬಿಚ್ಚುತ್ತಾ ಕೂತೆ.

ಎಂಟನೆಯ ದಿನ ಅವರೇ ಫೋನು ಮಾಡಿದರು.

"ಮೊಟ್ಟಿ ಅದಾವಲೇ! ನುಚ್ಚಿನಂಗ, ಒಂದೊಂದು ಮನಿಯಾಗ ಒಂದೊಂದು. ಅಂದ್ರ ರಾಣಿ ಅದಾಳ! ಕಾಲಿಗೆ ಹೂವಿನ ಪುಡಿ ಕಟಗೊಂಡು ಬರಾಕತ್ಯಾವ..."

ಅವರು ಹೇಳುತ್ತಲೇ ಇದ್ದರು. ನಾನು ಒಂದೊಂದು ಮಾತನ್ನೂ ಕೇಳಿದೆ. ಮುಗಿದ ಮೇಲೆ ಅಳು ಬಂತು. ಇನ್ನು ತಡೆಯಲಾಗಲಿಲ್ಲ. "ಅವತ್ತು ಬೆಲ್ಲದ ನೀರು ಹೊಯ್ದಾಕಿ ನಾನ ರೀ. ಚರಗಾ ಚೆಲ್ಲಿದೆ. ನಿಮಗ ಹೇಳಲಿಲ್ಲ" ಎಂದೆ.

"ಗೊತ್ತದ. ಪೆಟ್ಟಿಗಿ ಬಾಗಲದಾಗ ಹೋಳಿಗಿ ಚೂರು ಇತ್ತು."

"ಮತ್ತ ಯಾಕ ಬೈಲಿಲ್ಲ?"

ಆ ಕಡೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿತು.

"ಬೈದಿದ್ರ ನೀ ಮತ್ತ ಅವುಗಳ ಹತ್ರ ಬರ್ತಿದ್ದಿಲ್ಲ. ಒಬ್ಬನ ಕೂತು ನನಗ ಸಾಕಾಗ್ಯದ."

ನಾಲ್ಕು ಜಂಪರಿಗೆ ಇನ್ನೂ ಗುಂಡಿ ಹಚ್ಚುವುದು ಬಾಕಿಯಿತ್ತು. ಹೊಲಿಸಲು ಕೊಟ್ಟವರಿಗೆಲ್ಲ ಸಂಕ್ರಾಂತಿಗೆ ಹಳೆಯದನ್ನೇ ತೊಡಿರಿ ಎಂದು ಹೇಳಿಕಳಿಸಿ, ಬೆಳಿಗ್ಗೆ ಮೊದಲ ಬಸ್ಸಿಗೆ ಚೀಕಲಪರ್ವಿಗೆ ಹೊರಟೆ.